ಗಾಜನೂರು ದಾಟುತ್ತಿದ್ದಂತೆ ಎಂಜಿನ್ ದೀಪ ಹತ್ತಿಕೊಂಡಿತು. ಸೋಮವಾರ ಸಾಗರಕ್ಕೆ ಹೋಗಬಹುದೇ?

ವಿನೋಬನಗರದವ (ಭಾನುವಾರ, ಮಧ್ಯಾಹ್ನ 1:20)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಲ್ಲದಿದ್ದರೆ ‘ವಿವರ ಎಲ್ಲಿ ಮಾರಾಯರೇ’ ಎಂದು ನೀವೇ ಬೈಯುತ್ತೀರಿ.

ಕಾರು 2013ರ ಕೊನೆಯದು. ಸಣ್ಣ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, 1,12,000 ಕಿ.ಮೀ. ಓಡಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಚರ್ಚೆ ಯಾವ ದಾರಿ ಹಿಡಿಯುತ್ತದೆ ಎಂದು ಗೊತ್ತು. ಬೆಳಿಗ್ಗೆ ಮಕ್ಕಳಿಗೆ ಆನೆ ತೋರಿಸಲು ಸಕ್ರೆಬೈಲಿಗೆ ಹೋಗಿದ್ದೆವು. ಹೋಗುವಾಗ ಏನೂ ಇರಲಿಲ್ಲ. ಬರುವಾಗ ಗಾಜನೂರು ದಾಟುತ್ತಿದ್ದಂತೆ ಹಳದಿ ಬಣ್ಣದ ಎಂಜಿನ್ ದೀಪ ಹತ್ತಿತು. ಮುಂದೆ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದಾಗ ಅದು ಮಿಣುಕತೊಡಗಿತು, ಕಾರು ಬಿಕ್ಕಳಿಸಿತು, ಪಿಕಪ್ ಸತ್ತುಹೋಯಿತು. ಕಾಲು ತೆಗೆದ ಮೇಲೆ ಮಿಣುಕು ನಿಂತು ದೀಪ ಸುಮ್ಮನೆ ಉರಿಯುತ್ತಿತ್ತು. ಶಿವಮೊಗ್ಗದೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಇಡೀ ಕಾರು ಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಭಾನುವಾರವಾದ್ದರಿಂದ ತೆರೆದಿದ್ದ ಒಂದೇ ಗ್ಯಾರೇಜಿಗೆ ಹೋದೆ. ಅವರು ಬಾನೆಟ್ ಕೂಡ ಎತ್ತಲಿಲ್ಲ. ಸೈಲೆನ್ಸರ್ ಹತ್ತಿರ ಕಿವಿಯಿಟ್ಟು, ‘ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, 22 ಸಾವಿರ ಆಗುತ್ತದೆ’ ಎಂದರು. ಮಂಗಳವಾರ ಭೂಮಿ ಹುಣ್ಣಿಮೆ, ಸೋಮವಾರ ರಾತ್ರಿಯೊಳಗೆ ಸಾಗರದ ಹತ್ತಿರದ ನಮ್ಮೂರು ಸೇರಬೇಕು. ಏನು ಮಾಡಲಿ?

ತೋಟದ ಮನೆ (1:31)
ಇಲಿ. ಬಾನೆಟ್ ಎತ್ತಿ ನೋಡಿ.

ನಾಲ್ಕನೇ ಗೇರ್ (1:34)
ನೂರಕ್ಕೆ ನೂರು ಇ20 ಪೆಟ್ರೋಲಿನ ಕೆಲಸ. 2013ರ ಕಾರನ್ನು ಶೇ. 20ರ ಎಥೆನಾಲ್‌ಗೆಂದು ಮಾಡಿರಲಿಲ್ಲ. ರಬ್ಬರ್ ಕೊಳವೆಗಳು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಲ್ಲ ತಿಂದುಹಾಕುತ್ತದೆ. ನನ್ನ ಕಾರಿನ ಮೈಲೇಜ್ ಎಷ್ಟು ಇಳಿದಿದೆ ಎಂದು ಕೇಳಿ.

ತೋಟದ ಮನೆ (1:35)
ಯಾರೂ ಕೇಳಲಿಲ್ಲ.

ಹತ್ತರ ಸ್ಪ್ಯಾನರ್ (1:52)
ಮೊದಲು ದೀಪದ ಭಾಷೆ ತಿಳಿಯೋಣ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದು ಗಾಡಿ ಮಾಮೂಲಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕಿದರೆ ಬೇರೆ ಮಾತು. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಹಾಗೆಯೇ ಹೊರಬೀಳುತ್ತಿದೆ ಎಂದರ್ಥ. ನಾವು ಗ್ಯಾರೇಜಿನಲ್ಲಿ ‘ಮಿಸ್ ಹೊಡೆಯುತ್ತಿದೆ’ ಎನ್ನುವುದು ಇದನ್ನೇ. ಆ ಹಸಿ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿರುವ ಜೇನುಹುಟ್ಟಿನಂತಹ ಪಿಂಗಾಣಿ ಕರಗಿಹೋಗುವಷ್ಟು ಬಿಸಿಯಾಗುತ್ತದೆ. ಹಾಗಾಗಿ ಕನ್ವರ್ಟರ್ ಹೋಗಿ ಹೀಗಾಗಿರುವುದಕ್ಕಿಂತ, ನೀವು ಹೀಗೆಯೇ ಓಡಿಸಿದರೆ ಕನ್ವರ್ಟರ್ ಹೋಗುವ ಸಾಧ್ಯತೆಯೇ ಹೆಚ್ಚು. 22 ಸಾವಿರವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಕಾರನ್ನು ಮತ್ತೆ ಚಾಲೂ ಮಾಡಬೇಡಿ. ಸ್ಕ್ಯಾನರ್ ಹಾಕಿ, ಕಾರಿನ ಗಣಕ ಬರೆದಿಟ್ಟ ದೋಷದ ಕೋಡ್ ಓದಿಸಿ.

ಪಕ್ಕದ ಸೀಟು (2:03)
ಪೆಟ್ರೋಲ್ ಮುಚ್ಚಳ ಬಿಗಿಯಾಗಿದೆಯೇ ನೋಡಿದಿರಾ? ಮುಚ್ಚಳ ಸಡಿಲವಾದರೂ ಈ ದೀಪ ಬರುತ್ತದೆ ಎಂದು ವಿಡಿಯೊದಲ್ಲಿ ನೋಡಿದ್ದೇನೆ.

ಹತ್ತರ ಸ್ಪ್ಯಾನರ್ (2:10)
ಆ ವಿಡಿಯೊ ಅಮೆರಿಕದವರದ್ದಿರಬೇಕು. ಅಲ್ಲಿನ ಕಾರುಗಳು ಟ್ಯಾಂಕಿನ ಆವಿ ಸೋರುತ್ತದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ. ನಮ್ಮ ಭಾರತ್ ಸ್ಟೇಜ್ (ಬಿಎಸ್) ಹೊಗೆ ನಿಯಮಗಳು ಯುರೋಪಿನ ದಾರಿ ಹಿಡಿದವು. ಈ ವಯಸ್ಸಿನ ಸಣ್ಣ ಕಾರುಗಳು ಮುಚ್ಚಳದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೂ ಅಲ್ಲದೆ ಮುಚ್ಚಳ ಸಡಿಲವಾದರೆ ಕಾರು ನಡುಗುವುದಿಲ್ಲ.

ಆಗುಂಬೆ ಮಳೆ (2:15)
ದೀಪ ಹಳದಿಯೇ ತಾನೆ? ಕೆಂಪಲ್ಲವಲ್ಲ? ನನ್ನ ಭಾವ ಒಮ್ಮೆ ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿತು. ‘ಹದಿನಾಲ್ಕು ತಿರುವು, ಮೇಲೆ ಹೋಗಿ ನೋಡಿದರಾಯಿತು’ ಎಂದ. ಒಂಬತ್ತನೆಯ ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡಿತು. ಕೆಳಗಿನ ಕಲ್ಲು ಬಡಿದು ಆಯಿಲ್ ಚೇಂಬರ್ ಒಡೆದಿತ್ತಂತೆ. ಆ ಕೆಂಪು ದೀಪ ಬಂದರೆ ಮೇಲೂ ಇಲ್ಲ ಕೆಳಗೂ ಇಲ್ಲ, ಇದ್ದಲ್ಲೇ ಎಂಜಿನ್ ಆರಿಸಬೇಕು. ಭಾವ ಈಗಲೂ ಆ ಎಂಜಿನ್ನಿನ ಬಿಲ್ಲನ್ನು ಯಾರಿಗೂ ತೋರಿಸುವುದಿಲ್ಲ.

ವಿನೋಬನಗರದವ (2:24)
ಹಳದಿಯೇ. ಎಂಜಿನ್ನಿನ ಚಿತ್ರವೇ. ಒಬ್ಬರು ಮನೆಗೆ ಬಂದು, ‘ಬ್ಯಾಟರಿಯ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಡಿ, ದೀಪ ಹೋಗುತ್ತದೆ’ ಎನ್ನುತ್ತಿದ್ದಾರೆ. ಬಿಚ್ಚಲೇ?

ಹತ್ತರ ಸ್ಪ್ಯಾನರ್ (2:25)
ಬೇಡ!

ಹತ್ತರ ಸ್ಪ್ಯಾನರ್ (2:33)
ಗಡಿಬಿಡಿಯಲ್ಲಿ ಒಂದೇ ಪದ ಬರೆದೆ, ಕ್ಷಮಿಸಿ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನೆಲ್ಲ ಗಣಕ ಬರೆದಿಟ್ಟುಕೊಂಡಿರುತ್ತದೆ. ಟರ್ಮಿನಲ್ ಬಿಚ್ಚಿದರೆ ಆ ಬರಹ ಅಳಿಸಿಹೋಗಬಹುದು. ದೀಪ ಆರುತ್ತದೆ, ಕಾಯಿಲೆ ಹಾಗೆಯೇ ಇರುತ್ತದೆ, ಡಾಕ್ಟರಿಗೆ ತೋರಿಸಲು ಚೀಟಿಯೂ ಇರುವುದಿಲ್ಲ.

ಮೂಲೆಮನೆ ಭಟ್ಟ (2:40)
ನಾನು ಸೆಕೆಂಡ್ ಹ್ಯಾಂಡ್ ಕೊಂಡ ಕಾರಿನಲ್ಲಿ ಎರಡು ವರ್ಷ ಒಂದೇ ಒಂದು ದೀಪ ಬರಲಿಲ್ಲ. ಎಂತಹ ಗಟ್ಟಿ ಗಾಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಮೀಟರ್ ಬಿಚ್ಚಿದಾಗ ಎಂಜಿನ್ ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ್ದು ಕಂಡಿತು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿ ಮೊದಲು ದೀಪಗಳನ್ನು ನೋಡಿ. ಎಂಜಿನ್ ಚಾಲೂ ಆಗುವ ಮುಂಚೆ ಆ ದೀಪ ಉರಿಯಲೇಬೇಕು. ಉರಿಯದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ.

ಕಾರ್ಬ್ಯುರೇಟರ್ ಕಾಲದವ (2:58)
ಸ್ಕ್ಯಾನರ್ ಗೀನರ್ ಏಕೆ ಸ್ವಾಮಿ? ನಮ್ಮ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಕಿಡಿ ಹಾರಿಸುವ ಪ್ಲಗ್ಗಿನ ಒಂದೊಂದು ವೈರ್ ಕೀಳುತ್ತಿದ್ದೆವು. ಯಾವುದನ್ನು ಕಿತ್ತಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಜತೆಗೆ ಒಮ್ಮೊಮ್ಮೆ ಮೊಣಕೈವರೆಗೆ ಜುಮ್ ಎನ್ನುವ ಶಾಕ್ ಉಚಿತ.

ಹತ್ತರ ಸ್ಪ್ಯಾನರ್ (3:06)
ನಾನೂ ಹಾಗೆಯೇ ಕಲಿತವನು ಅಣ್ಣ, ನನ್ನ ಮೊಣಕೈಗೂ ಆ ನೆನಪಿದೆ. ಆದರೆ ಇವರ ಕಾರಿನಲ್ಲಿ ಪ್ಲಗ್ ವೈರ್ ಇಲ್ಲ, ಪ್ರತಿ ಪ್ಲಗ್ಗಿನ ತಲೆಯ ಮೇಲೂ ಕಿಡಿಗೆ ವಿದ್ಯುತ್ ಕೊಡುವ ಒಂದೊಂದು ಕಾಯಿಲ್ ಕುಳಿತಿದೆ. ಓಡುವ ಎಂಜಿನ್ನಿನಲ್ಲಿ ಅದನ್ನು ಕಿತ್ತರೆ ಒಳ್ಳೆಯ ಸಿಲಿಂಡರಿನ ಪೆಟ್ರೋಲೂ ಕನ್ವರ್ಟರಿಗೆ ಹೋಗುತ್ತದೆ. ನಮ್ಮ ಕಾಲದ ಸೈಲೆನ್ಸರಿನಲ್ಲಿ ಹಾಳಾಗುವಂತಹದ್ದು ಏನೂ ಇರಲಿಲ್ಲ.

ವಿನೋಬನಗರದವರೇ, ನಾನು ಗೋಪಾಳದಲ್ಲಿದ್ದೇನೆ. ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ನನ್ನಲ್ಲಿದೆ. ಯಾರನ್ನಾದರೂ ಕಳುಹಿಸಿ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿಗೆ ಚುಚ್ಚಿ, ಕೀಲಿಯನ್ನು ಆನ್ ಮಾತ್ರ ಮಾಡಿ.

ಪಕ್ಕದ ಸೀಟು (3:11)
ನನ್ನ 2007ರ ಕಾರಿಗೂ ಅದು ನಡೆಯುತ್ತದೆಯೇ?

ಹತ್ತರ ಸ್ಪ್ಯಾನರ್ (3:17)
ಸಾಕೆಟ್ ಇದ್ದರೂ ಮಾತಾಡದೆ ಇರಬಹುದು. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2010ರಲ್ಲಿ ಒಬಿಡಿಯ (ಕಾರು ತನ್ನ ದೋಷವನ್ನು ತಾನೇ ಪತ್ತೆ ಹಚ್ಚುವ ವ್ಯವಸ್ಥೆಯ) ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ ಕಡ್ಡಾಯವಾಯಿತು. ಮಿಸ್ ಹೊಡೆಯುವುದನ್ನು ಪತ್ತೆ ಹಚ್ಚುವ ಜವಾಬ್ದಾರಿ ಬಂದಿದ್ದು ಎರಡನೆಯ ಹಂತದಲ್ಲಿ. ಇವರ ಕಾರು ಗೆರೆಯ ಈಚೆಗಿದೆ, ಅದೃಷ್ಟ.

ರೈಲುಪ್ರಿಯ (3:20)
ತಾಳಗುಪ್ಪದ ರೈಲು ಇದೆಯಲ್ಲ. ಸಾಗರ ಜಂಬಗಾರಿನಲ್ಲಿ ಇಳಿದರೆ ಆಯಿತು. ಕುಂಸಿ, ಆನಂದಪುರದ ಕಾಡು ನೋಡಿಕೊಂಡು ಹೋಗಬಹುದು. ದೀಪ ಹತ್ತಿದರೆ ಚಾಲಕನಿಗೆ ಚಿಂತೆ, ನಿಮಗಲ್ಲ.

ವಿನೋಬನಗರದವ (3:26)
ಮನೆಯವರು ಹದಿನೈದು ದಿನ ಕುಳಿತು ಚಿತ್ತಾರ ಬರೆದ, ಹಬ್ಬದ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿ ಎರಡಿವೆ. ರೈಲಿನ ನೂಕುನುಗ್ಗಲಿನಲ್ಲಿ ಅದನ್ನು ಒಯ್ಯಿರಿ ಎಂದು ಅವರಿಗೆ ಹೇಳುವ ಧೈರ್ಯ ನಿಮಗಿದ್ದರೆ ಬನ್ನಿ, ಫೋನ್ ಕೊಡುತ್ತೇನೆ.

ಸಾಗರದ ಸೊಸೆ (3:35)
ಆಹಾ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಬರೆದದ್ದೋ, ಅಂಗಡಿಯ ಪೇಂಟಿನದೋ? ನಮ್ಮತ್ತೆ ಪುಂಡಿನಾರಿನ ಕುಂಚ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಚಿತ್ರ ಹಾಕಿ.

ತೋಟದ ಮನೆ (3:41)
ಬುಟ್ಟಿ ಆಮೇಲೆ. ಇಲಿಯನ್ನು ನೋಡಿದಿರಾ? ಹೋದ ವರ್ಷ ನನ್ನ ಕಾರಿನಲ್ಲೂ ಹೀಗೆಯೇ ದೀಪ. ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕ ಅಡಿಕೆ ಸಿಪ್ಪೆ, ನನ್ನದೇ ಹಳೆಯ ಬನಿಯನ್ನಿನ ಚೂರು, ಬಾನೆಟ್ ಒಳಗಿನ ಹತ್ತಿ ಸೇರಿಸಿ ಕಟ್ಟಿದ ಅರಮನೆ. ಒಳಗೆ ಐದು ಮರಿ. ಇಂಜೆಕ್ಟರಿನ ವೈರನ್ನು ಸಂಡಿಗೆಯಂತೆ ಕಡಿದಿತ್ತು. ಅಡಿಕೆ ಚಾವಡಿಯ ಪಕ್ಕ ಕಾರು ನಿಲ್ಲಿಸುವವರಿಗೆಲ್ಲ ಇದು ತಪ್ಪಿದ್ದಲ್ಲ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟು ನೋಡಿದೆ. ಗುಳಿಗೆಯನ್ನೂ ಗೂಡಿಗೆ ಒಯ್ದಿತ್ತು.

ವಿನೋಬನಗರದವ (5:48)
ಸ್ಪ್ಯಾನರ್ ಅಣ್ಣನ ಸ್ಕ್ಯಾನರ್ ಬಂತು. ತೋರಿಸಿದ್ದು ಒಂದೇ ಕೋಡ್, ಪಿ0302. ಇಲಿ ಇಲ್ಲ, ಗೂಡಿಲ್ಲ, ವೈರುಗಳೆಲ್ಲ ನೆಟ್ಟಗಿವೆ. ತೋಟದ ಮನೆಯವರಿಗೆ ನಿರಾಸೆಯಾಗಿದ್ದರೆ ಕ್ಷಮಿಸಿ.

ಹತ್ತರ ಸ್ಪ್ಯಾನರ್ (6:02)
ಪಿ0302 ಎಂದರೆ ಎರಡನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0300 ಬಂದಿದ್ದರೆ ಯಾವುದೆಂದು ಗೊತ್ತಿಲ್ಲದೆ ಅಲ್ಲೊಮ್ಮೆ ಇಲ್ಲೊಮ್ಮೆ ಎಂದಾಗುತ್ತಿತ್ತು. ಗಣಕಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವವರಿಗೆ: ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಮುಗ್ಗರಿಸಿದರೆ ಒಳಗೆ ಕುಳಿತವರಿಗೆ ಕುಲುಕು ತಿಳಿಯುತ್ತದಲ್ಲ, ಹಾಗೆ. ಒಂದು ಸಿಲಿಂಡರ್ ತಳ್ಳದಿದ್ದಾಗ ನಾಲ್ಕೂ ಸೇರಿ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ ವೇಗ ಒಂದು ಕೂದಲೆಳೆಯಷ್ಟು ತಗ್ಗುತ್ತದೆ. ಕ್ರ್ಯಾಂಕ್ ಸೆನ್ಸರ್ ಅದನ್ನು ಹಿಡಿಯುತ್ತದೆ.

ಆದರೆ ಕೋಡ್ ಹೇಳುವುದು ಎಲ್ಲಿ ಎಂದು ಮಾತ್ರ. ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಸುಟ್ಟು ಕಂಪ್ರೆಷನ್ ಹೋಗಿರಬಹುದು.

ಮೂಲೆಮನೆ ಭಟ್ಟ (6:05)
ಕೂದಲೆಳೆಯಷ್ಟು ಕುಲುಕಿದರೆ ಕೋಡ್ ಬರುವುದಾದರೆ ನಮ್ಮೂರ ರಸ್ತೆಯಲ್ಲಿ ದಿನಕ್ಕೆ ನಲವತ್ತು ಕೋಡ್ ಬರಬೇಕಿತ್ತು.

ಹತ್ತರ ಸ್ಪ್ಯಾನರ್ (6:09)
ತಮಾಷೆಯಲ್ಲ ಭಟ್ಟರೇ, ಹೊಂಡದ ರಸ್ತೆಯ ಕುಲುಕನ್ನು ಮಿಸ್ ಎಂದು ತಪ್ಪಾಗಿ ತಿಳಿಯದಿರಲು ಕೆಲವು ಕಾರುಗಳು ಬ್ರೇಕಿಗಾಗಿ ಚಕ್ರದಲ್ಲಿಟ್ಟ ಎಬಿಎಸ್ ಸೆನ್ಸರುಗಳನ್ನೂ ಕೇಳಿ ನೋಡುತ್ತವೆ.

ನಾಲ್ಕನೇ ಗೇರ್ (6:12)
ಇಂಜೆಕ್ಟರ್ ಎಂದು ನಾನು ಮೊದಲೇ ಹೇಳಿದ್ದೆ. ಇ20.

ಸಾಗರದ ಸೊಸೆ (6:20)
ನಾಲ್ಕು ಸಿಲಿಂಡರಿಗೂ ಪೆಟ್ರೋಲ್ ಹೋಗುವುದು ಒಂದೇ ಟ್ಯಾಂಕಿನಿಂದ. ಎರಡನೆಯದಕ್ಕೆ ಮಾತ್ರ ಎಥೆನಾಲ್ ಬಡಿಸಿ ಉಳಿದ ಮೂರಕ್ಕೆ ಹಳೆಯ ಪೆಟ್ರೋಲ್ ಬಡಿಸಲು ಅದೇನು ಪಂಕ್ತಿಭೇದವೇ? ಹಳೆಯ ಕಾರಿಗೆ ಇ20ಯಿಂದ ತೊಂದರೆಯೇ ಇಲ್ಲ ಎನ್ನುತ್ತಿಲ್ಲ. ಈ ಕೋಡಿಗೆ ಅದನ್ನು ತಳಕು ಹಾಕಬೇಡಿ.

ವಿನೋಬನಗರದವರೇ, ನನ್ನದೊಂದು ಪ್ರಶ್ನೆ. ಇನ್ನೂ ಯಾರೂ ಕೇಳಿಲ್ಲ. ಆಯುಧಪೂಜೆಗೆ ಕಾರು ತೊಳೆಸಿದಿರಾ?

ವಿನೋಬನಗರದವ (6:24)
ತೊಳೆಸದೆ ಪೂಜೆ ಮಾಡುತ್ತಾರೆಯೇ?

ಸಾಗರದ ಸೊಸೆ (6:25)
ಎಂಜಿನ್ನನ್ನೂ?

ವಿನೋಬನಗರದವ (6:37)
ಹೌದು. ಹಬ್ಬದ ಹಿಂದಿನ ದಿನ ವಾಟರ್ ಸರ್ವಿಸ್‌ನಲ್ಲಿ ಬಾನೆಟ್ ಎತ್ತಿಸಿ ಪ್ರೆಷರ್ ಪಂಪಿನಲ್ಲಿ ಚೆನ್ನಾಗಿ ಹೊಡೆಸಿದೆ. ಹುಡುಗ ಬೇಡ ಸಾರ್ ಎಂದ. ನಾನೇ ‘ವರ್ಷಕ್ಕೊಮ್ಮೆ ಹೊಡಿ ಮಾರಾಯ’ ಎಂದೆ. ಆಮೇಲೆ ಎರಡು ಸಲ ಗಾಂಧಿ ಬಜಾರಿಗೆ ಹೋಗಿದ್ದು ಬಿಟ್ಟರೆ ಕಾರು ನಿಂತೇ ಇತ್ತು. ದೂರ ಓಡಿಸಿದ್ದು ಇವತ್ತೇ ಮೊದಲು.

ತೋಟದ ಮನೆ (6:38)
ಅಯ್ಯೋ ಪುಣ್ಯಾತ್ಮ, ಇದನ್ನು ಮಧ್ಯಾಹ್ನವೇ ಹೇಳಬಾರದಿತ್ತೇ? ಸುಮ್ಮನೆ ಇಲಿಯನ್ನು ಬೈದೆ.

ಹತ್ತರ ಸ್ಪ್ಯಾನರ್ (6:55)
ಅಕ್ಕ, ನಿಮಗೆ ಕೈ ಮುಗಿದೆ. ಇದು ನನಗೆ ಹೊಳೆಯಲೇ ಇಲ್ಲ.

ಪ್ಲಗ್ಗುಗಳು ಎಂಜಿನ್ನಿನ ತಲೆಯ ಮೇಲೆ ಆಳವಾದ ಬಾವಿಗಳಲ್ಲಿ ಕುಳಿತಿರುತ್ತವೆ. ಮೇಲೆ ಕಾಯಿಲ್ ಮುಚ್ಚಿಕೊಂಡಿರುತ್ತದೆ. ಹೊಸದರಲ್ಲಿ ರಬ್ಬರ್ ಬಿಗಿಯಾಗಿರುತ್ತದೆ, ಹನ್ನೆರಡು ವರ್ಷಕ್ಕೆ ಅದು ಒಣಗಿ ಕಲ್ಲಾಗಿರುತ್ತದೆ. ಪಂಪಿನ ನೀರು ಅಲ್ಲಿಂದ ಒಳಗಿಳಿದರೆ ಬೇಗ ಹೊರಬರುವುದಿಲ್ಲ. ಕಿಡಿ ಪ್ಲಗ್ಗಿನ ತುದಿಗೆ ಹೋಗಿ ಹಾರುವ ಬದಲು ನೀರಿನ ಸುಲಭದ ದಾರಿ ಹಿಡಿದು ಎಂಜಿನ್ನಿನ ಮೈಗೆ ಹರಿದುಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ಕಿಡಿ ಹಾರುವುದು ಇನ್ನೂ ಕಷ್ಟ. ಲಾರಿ ಹಿಂದಿಕ್ಕುವಾಗಲೇ ಮಿಣುಕಿದ್ದು ಅದಕ್ಕೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೀಲಿ ತೆಗೆದು, ಹತ್ತರ ಸ್ಪ್ಯಾನರಿನಲ್ಲಿ ಕಾಯಿಲಿನ ಬೋಲ್ಟ್ ಬಿಚ್ಚಿ. ಕಾಯಿಲ್ ಮೇಲೆತ್ತಿ ಟಾರ್ಚ್ ಬಿಡಿ. ನೀರಿದ್ದರೆ ಮೊದಲು ಬಟ್ಟೆಯಲ್ಲಿ ಹೀರಿ ಬಾವಿ ಒಣಗಿಸಿ, ಆಮೇಲೆ ಪ್ಲಗ್ ಬಿಚ್ಚಿ. ತಿರುವುಮುರುವು ಮಾಡಿದರೆ ನೀರು ಸಿಲಿಂಡರಿಗೇ ಇಳಿಯುತ್ತದೆ.

ಕಾರ್ಬ್ಯುರೇಟರ್ ಕಾಲದವ (7:04)
ನೀರೇ ಇರಬೇಕೆಂದಿಲ್ಲ. ಎಂಜಿನ್ನಿನ ತಲೆ ಮುಚ್ಚುವ ಟಪೆಟ್ ಕವರಿನ ಪ್ಯಾಕಿಂಗ್ ಹೋಗಿ ಬಾವಿಗೆ ಎಣ್ಣೆ ಇಳಿದಿದ್ದರೂ ಹೀಗೆಯೇ ಆಗುತ್ತದೆ. ಬೆರಳಿಗೆ ತಾಗಿಸಿ ನೋಡಿ.

ವಿನೋಬನಗರದವ (9:15)
ಬಿಚ್ಚಿದೆ. ಎರಡನೆಯ ಬಾವಿಯಲ್ಲಿ ತುಕ್ಕುಬಣ್ಣದ ನೀರು, ಒಂದು ಚಮಚದಷ್ಟು. ಎಣ್ಣೆಯಲ್ಲ. ಕಾಯಿಲಿನ ರಬ್ಬರಿನ ಮೇಲೆ ಪೆನ್ಸಿಲಿನಲ್ಲಿ ಎಳೆದಂತಹ ಕಪ್ಪು ಗೆರೆ. ಬಾನೆಟ್ ಮೂಲೆಯಲ್ಲಿ ಪೂಜೆಯ ಚೆಂಡುಹೂವಿನ ಎಸಳುಗಳು. ಒಣಗಿಸಿ, ಪ್ಲಗ್ ಒರೆಸಿ, ಎಲ್ಲ ಜೋಡಿಸಿ ಚಾಲೂ ಮಾಡಿದೆ. ನಡುಕ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ.

ಹತ್ತರ ಸ್ಪ್ಯಾನರ್ (9:22)
ಆ ಕಪ್ಪು ಗೆರೆಯೇ ಕಿಡಿ ತುಳಿದು ಮಾಡಿಕೊಂಡ ಕಾಲುದಾರಿ. ನೀರು ಒಣಗಿದರೂ ದಾರಿ ಅಳಿಯುವುದಿಲ್ಲ. ಕಾಯಿಲ್ ಹೋಗಿದೆ ಎನಿಸುತ್ತದೆ, ಆದರೆ ಅನಿಸಿಕೆಯ ಮೇಲೆ ದುಡ್ಡು ಹಾಕಬೇಡಿ. ಎರಡನೆಯ ಮತ್ತು ಮೂರನೆಯ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಮನೆಯ ಸುತ್ತ ಮೆಲ್ಲಗೆ ಒಂದು ಸುತ್ತು ಹಾಕಿ. ಕೋಡ್ ಪಿ0303 ಎಂದು ಬದಲಾದರೆ ಕಾಯಿಲೆ ಕಾಯಿಲಿನ ಜತೆ ನಡೆದಿದೆ. ಪಿ0302 ಅಲ್ಲಿಯೇ ಕುಳಿತರೆ ಬೇರೆ ಹುಡುಕಬೇಕು.

ಪಕ್ಕದ ಸೀಟು (9:26)
ಒಂದು ನಿಮಿಷ. ಎರಡನೆಯದು ಎಂದು ಯಾವ ಕಡೆಯಿಂದ ಎಣಿಸಿದಿರಿ?

ವಿನೋಬನಗರದವ (9:28)
ಬ್ಯಾಟರಿ ಕಡೆಯಿಂದ. ಅಂದರೆ ಗೇರ್‌ಬಾಕ್ಸ್ ಕಡೆಯಿಂದ.

ಕಾರ್ಬ್ಯುರೇಟರ್ ಕಾಲದವ (9:30)
ತಪ್ಪು! ಒಂದನೆಯ ಸಿಲಿಂಡರ್ ಟೈಮಿಂಗ್ ಚೈನ್ ಇರುವ ಕಡೆ. ನೀವು ಎರಡು ಎಂದದ್ದು ನಿಜವಾಗಿ ಮೂರು. ಮತ್ತೆ ಮೊದಲಿನಿಂದ ಶುರು ಮಾಡಿ.

ನಾಲ್ಕನೇ ಗೇರ್ (9:31)
ಹಾಗಾದರೆ ನೀರಿನ ಕಥೆಯೇ ಸುಳ್ಳು. ನೀರಿದ್ದದ್ದು ಮೂರರಲ್ಲಿ, ಕೋಡ್ ಎರಡರದ್ದು. ಇ20.

ವಿನೋಬನಗರದವ (9:44)
ನಾಲ್ಕನ್ನೂ ಬಿಚ್ಚಿ ನೋಡಿದೆ. ನಡುವಿನ ಎರಡು ಬಾವಿಯಲ್ಲೂ ನೀರಿತ್ತು, ಚೈನ್ ಕಡೆಯಿಂದ ಎರಡನೆಯದರಲ್ಲೇ ಹೆಚ್ಚು. ಅದರ ಕಾಯಿಲಿನಲ್ಲಿ ಗೆರೆಯೂ ದಪ್ಪಗಿದೆ. ಈಗ ಅದಲುಬದಲಿಗೆ ಯಾವುದನ್ನು ಎರಡು ಎನ್ನಲಿ, ಯಾವುದನ್ನು ಮೂರು ಎನ್ನಲಿ? ತಲೆ ಕೆಟ್ಟಿದೆ.

ಸಾಗರದ ಸೊಸೆ (9:47)
ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳ ಮಾತು ಕೇಳಿ. ನಾಲ್ಕರಲ್ಲಿ ಈ ಕಡೆಯಿಂದ ಎರಡನೆಯದು ಆ ಕಡೆಯಿಂದ ಮೂರನೆಯದು. ಎಲ್ಲಿಂದ ಎಣಿಸಿದರೂ ಎರಡು ಮತ್ತು ಮೂರು ಎಂದರೆ ನಡುವಿನ ಅದೇ ಜೋಡಿ. ಅವೆರಡನ್ನು ಅದಲುಬದಲು ಮಾಡಿ, ಜಗಳ ನಿಲ್ಲಿಸಿ.

ಹತ್ತರ ಸ್ಪ್ಯಾನರ್ (9:48)
ಮೂವತ್ತು ವರ್ಷ ಸ್ಪ್ಯಾನರ್ ಹಿಡಿದಿದ್ದೇನೆ. ಇದು ಯಾವತ್ತೂ ಹೊಳೆದಿರಲಿಲ್ಲ.

ವಿನೋಬನಗರದವ (10:31)
ಪಿ0303. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ ಕೂಗಿದೆ.

ವಿನೋಬನಗರದವ (ಸೋಮವಾರ, ಮಧ್ಯಾಹ್ನ 3:10)
ಬೆಳಿಗ್ಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ ಒಂದು ಕಾಯಿಲ್, ನಾಲ್ಕು ಪ್ಲಗ್ ತಂದೆ. ಕಾಯಿಲ್ 1,900, ಪ್ಲಗ್ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ನಾನೇ ಹಾಕಿದೆ. ನಡುಕವಿಲ್ಲ, ದೀಪವಿಲ್ಲ. ಗಾಜನೂರಿನವರೆಗೆ ಹೋಗಿ, ಬೇಕೆಂದೇ ಒಂದು ಲಾರಿಯನ್ನು ಹಿಂದಿಕ್ಕಿ ಬಂದೆ. ಇನ್ನು ಬುಟ್ಟಿ ಏರಿಸುವುದಷ್ಟೇ.

ನಾಲ್ಕನೇ ಗೇರ್ (3:14)
ಸಂತೋಷ. ಮೈಲೇಜ್ ನೋಡುತ್ತಿರಿ.

ತೋಟದ ಮನೆ (3:16)
ಊರಿನಲ್ಲಿ ಕಾರನ್ನು ಅಡಿಕೆ ಚಾವಡಿಯ ಪಕ್ಕ ನಿಲ್ಲಿಸಬೇಡಿ.

ವಿನೋಬನಗರದವ (ಮಂಗಳವಾರ, ರಾತ್ರಿ 8:40)
ಬೆಳಗಿನ ಜಾವ ಗದ್ದೆಗೆ ಹೋಗಿ ಚರಗ ಚೆಲ್ಲಿ, ಪೂಜೆ ಮುಗಿಸಿ, ಗದ್ದೆಯ ಬದುವಿನಲ್ಲೇ ಊಟ ಮಾಡಿ ಬಂದೆವು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಬುಟ್ಟಿಯ ಚಿತ್ರ ಹಾಕಿದ್ದೇನೆ: ಕೆಮ್ಮಣ್ಣು, ಅಕ್ಕಿಹಿಟ್ಟು, ಪುಂಡಿನಾರು, ಸೊಸೆಯವರಿಗೆ ಸಮಾಧಾನವಾಗಲಿ. ಸ್ಪ್ಯಾನರ್ ಅಣ್ಣ, ನಾಳೆ ಸಂಜೆ ಸ್ಕ್ಯಾನರ್ ತಂದುಕೊಡುತ್ತೇನೆ.

ಹತ್ತರ ಸ್ಪ್ಯಾನರ್ (8:52)
ಸ್ಕ್ಯಾನರ್ ನಿಧಾನಕ್ಕೆ ಬರಲಿ. ಸೌತೆಕಾಯಿ ಕಡುಬು ಉಳಿದಿದ್ದರೆ ಅದು ನಾಳೆಗೇ ಬರಲಿ.

ಸಾಗರದ ಸೊಸೆ (8:58)
ಬುಟ್ಟಿ ಚೆನ್ನಾಗಿದೆ. ಎಡಗಡೆಯ ಗೆರೆ ಎರಡು ಕಡೆ ಅಲುಗಿದೆ ಎಂದು ನಮ್ಮತ್ತೆ ಹೇಳುತ್ತಿದ್ದಾರೆ. ಆಗ ನೀವು ಎಂಜಿನ್ ತೊಳೆಯುವ ಮಾತು ತೆಗೆದಿದ್ದಿರೇನೋ.

ಹೊಸಬ (9:20)
ಚರ್ಚೆ ಓದಿದೆ, ತುಂಬ ಉಪಯೋಗವಾಯಿತು. ನನ್ನದೂ ಹಳೆಯ ಕಾರು. ಹಬ್ಬ ಮುಗಿಸಿ ಬರುತ್ತಿದ್ದೇನೆ, ಈಗ ಆನಂದಪುರ ದಾಟಿದೆ. ಒಂದು ದೀಪ ಹತ್ತಿದೆ, ಆದರೆ ಮಿಣುಕುತ್ತಿಲ್ಲ, ಸುಮ್ಮನೆ ಉರಿಯುತ್ತಿದೆ. ಕೆಂಪು ಬಣ್ಣ. ಗಿಂಡಿಯಂತಹ ಚಿತ್ರ, ಮೂತಿಯಿಂದ ಒಂದು ಹನಿ ಬೀಳುತ್ತಿದೆ. ಮಿಣುಕದಿದ್ದರೆ ನಿಧಾನವಾಗಿ ಶಿವಮೊಗ್ಗದವರೆಗೆ ಹೋಗಬಹುದಲ್ಲವೇ?

ಆಗುಂಬೆ ಮಳೆ (9:20)
ಆರಿಸಿ!

ಹತ್ತರ ಸ್ಪ್ಯಾನರ್ (9:21)
ಇದ್ದಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಗಾಡಿ ಓಡಿಸುತ್ತಾ ಬರೆಯುತ್ತಿದ್ದೀರಾ?

ಹೊಸಬ (9:26)
ನಿಲ್ಲಿಸಿದೆ. ಬರೆಯುತ್ತಿರುವುದು ನನ್ನ ತಂಗಿ. ಆಯಿಲ್ ಕಡ್ಡಿ ಎಳೆದು ನೋಡಿದರೆ ತುದಿಗೂ ತಾಗುತ್ತಿಲ್ಲ. ಇಲ್ಲಿ ಹತ್ತಿರ ಯಾರಾದರೂ ಇದ್ದೀರಾ?

ತೋಟದ ಮನೆ (9:29)
ಆನಂದಪುರದಿಂದ ಎಷ್ಟು ಮುಂದೆ? ಬೈಕ್ ತೆಗೆಯುತ್ತಿದ್ದೇನೆ. ಯಾವ ಎಣ್ಣೆ ಹಾಕುತ್ತೀರಿ ಎಂದು ಬರೆಯಿರಿ.